37 ಬಾಯಿಗಳ ಊಟ: ಒಂದು ಸನ್ ಕೋರಲ್ ಗೊಂಚಲಿನ ಪ್ರಕರಣ

2023ರ ಮಾರ್ಚ್ ತಿಂಗಳ ಒಂದು ಶನಿವಾರ ಸನ್ ಕೋರಲ್ ಎಂಬ ಹವಳದ ಆ ಗೊಂಚಲು ನಮ್ಮ ಮನೆಗೆ ಬಂತು. ಊರು ಬಿಟ್ಟು ಹೊರಟಿದ್ದ ಪರಿಚಯದವರೊಬ್ಬರು ಮನೆಯಲ್ಲಿ ಹವಳ ಸಾಕುತ್ತಿದ್ದ ತಮ್ಮ ಉಪ್ಪುನೀರಿನ ಟ್ಯಾಂಕ್ ಕಳಚುತ್ತಿದ್ದರು. ಮೀನು, ಕಲ್ಲು, ದೀಪ ಎಲ್ಲವೂ ಒಬ್ಬೊಬ್ಬರ ಕೈ ಸೇರಿ ಇದೊಂದು ಉಳಿದುಕೊಂಡಿತ್ತು. ಮುಷ್ಟಿಗಾತ್ರದ ಸುಣ್ಣದ ಗಡ್ಡೆ, ಅದರ ಮೈತುಂಬ ಕಿತ್ತಳೆ ಬಣ್ಣದ ಗುಬುಟುಗಳು. ರಾತ್ರಿ ಟಾರ್ಚಿನ ಮುಖಕ್ಕೆ ಕೆಂಪು ಹಾಳೆ ಕಟ್ಟಿಕೊಂಡು ಎಣಿಸಿದೆ. ಒಟ್ಟು 37 ಪಾಲಿಪ್, ಅಂದರೆ ತನ್ನದೇ ಬಾಯಿ ಇರುವ ಒಂದೊಂದು ಪುಟ್ಟ ಪ್ರಾಣಿ. ಅವುಗಳಲ್ಲಿ 11ರ ಸುತ್ತ ಮಾಂಸ ಹಿಂದೆ ಸರಿದು ಬಿಳಿ ಅಸ್ಥಿ ಹೊರಬಿದ್ದಿತ್ತು. ಒಂದಾದರೂ ಬಾಯಿ ತೆರೆದಿರಲಿಲ್ಲ. ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ ಸೊರಗಿದ ಹವಳ ಹೇಗಿರುತ್ತದೆಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅಲ್ಲಿಂದ ಮುಂದಿನ 14 ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಟ್ಯಾಂಕ್ 180 ಲೀಟರಿನದು, ಆಗ ಅದಕ್ಕೆ ಎರಡು ವರ್ಷ ತುಂಬಿತ್ತು. ಒಳಗೆ ಒಂದು ಗೋನಿಯೋಪೋರ ಹವಳ, ಒಂದು ಡಂಕನ್ ಹವಳ, ಹವಳದ ಬಳಗದ ಒಂದಿಷ್ಟು ಝೋಅಂಥಿಡ್, ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ. ನೀರಿನ ಉಪ್ಪಿನಂಶ, ಉಷ್ಣತೆ, ಕ್ಯಾಲ್ಸಿಯಂ, ಕ್ಷಾರೀಯತೆ ಎಲ್ಲವೂ ಹದದಲ್ಲಿದ್ದವು. ಇವು ಯಾವುವೂ ಈ ಕಥೆಯಲ್ಲಿ ಸಮಸ್ಯೆಯಾಗಲಿಲ್ಲ, ಆದ್ದರಿಂದ ಮತ್ತೆ ಪ್ರಸ್ತಾಪಿಸುವುದಿಲ್ಲ. ಸಮಸ್ಯೆ ಇದ್ದದ್ದು ಊಟದಲ್ಲಿ.

ಸನ್ ಕೋರಲ್ ಅಂದರೆ ಟ್ಯೂಬಾಸ್ಟ್ರಿಯಾ. ನಾವು ಸಾಮಾನ್ಯವಾಗಿ ಸಾಕುವ ಹವಳಗಳ ಮಾಂಸದೊಳಗೆ ಝೋಕ್ಸಾಂಥೆಲೆ ಎಂಬ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬೆಳಕು ಬಿದ್ದರೆ ಅದು ಸಕ್ಕರೆ ತಯಾರಿಸಿ ಆಶ್ರಯ ಕೊಟ್ಟ ಹವಳಕ್ಕೂ ಹಂಚುತ್ತದೆ, ಹವಳದ ಶಕ್ತಿಯ ಬಹುಪಾಲು ಅಲ್ಲಿಂದಲೇ. ಟ್ಯೂಬಾಸ್ಟ್ರಿಯಾಗೆ ಆ ಬಾಡಿಗೆದಾರ ಇಲ್ಲ. ಸಮುದ್ರದಲ್ಲಿ ಅದು ಗುಹೆಗಳ ಬಾಯಲ್ಲಿ, ಬಂಡೆಯ ಚಾಚಿನ ಅಡಿಯಲ್ಲಿ, ನೆರಳಲ್ಲಿ ಬದುಕುತ್ತದೆ. ನೀರು ಹೊತ್ತು ತಂದದ್ದನ್ನು ಹಿಡಿದು ತಿನ್ನುವುದೊಂದೇ ಅದರ ದಾರಿ. ಒಂದೇ ಗೊಂಚಲಿನ ಪಾಲಿಪ್‌ಗಳ ನಡುವೆಯೂ ಹಂಚಿಕೆ ಅಷ್ಟಕ್ಕಷ್ಟೆ. ಒಂದು ಬಾಯಿಗೆ ಬಿದ್ದದ್ದು ಪಕ್ಕದ್ದರ ಹೊಟ್ಟೆ ತುಂಬಿಸೀತೆಂದು ನೆಚ್ಚುವಂತಿಲ್ಲ. ಹಾಗಾಗಿ 37 ಬಾಯಿ ಅಂದರೆ 37 ಊಟ.

ಬೆಳಕಿನ ಹವಳಗಳೂ ಬರೀ ಬೆಳಕಿನಲ್ಲೇ ಬದುಕುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. 1928–29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ದ್ವೀಪದಲ್ಲಿ ಬೀಡುಬಿಟ್ಟ ತಂಡದ ನಾಯಕ ಸಿ. ಎಂ. ಯಂಗ್, ಹವಳಗಳು ಮೂಲತಃ ಮಾಂಸಾಹಾರಿಗಳೆಂದು ಬಲವಾಗಿ ವಾದಿಸಿದರು. ಪಾಚಿಯಿಂದ ಹವಳಕ್ಕೆ ಸಿಗುವ ಪಾಲು ಎಷ್ಟು ದೊಡ್ಡದೆಂದು ಆಮೇಲಿನ ದಶಕಗಳಲ್ಲಿ ಗೊತ್ತಾಗಿ ಆ ವಾದ ಹಿಂದೆ ಸರಿಯಿತು. ಆದರೆ 2006ರಲ್ಲಿ ಆಂಡ್ರಿಯಾ ಗ್ರೊಟ್ಟೋಲಿ ಮತ್ತು ಸಂಗಡಿಗರು ಹವಾಯಿಯ ಮಾಂಟಿಪೋರ ಕ್ಯಾಪಿಟೇಟ ಹವಳದ ಬಗ್ಗೆ ಪ್ರಕಟಿಸಿದ ಅಧ್ಯಯನ ತಕ್ಕಡಿಯನ್ನು ಮತ್ತೆ ಸ್ವಲ್ಪ ಆ ಕಡೆ ವಾಲಿಸಿತು. ಬಿಸಿಗೆ ಬಿಳಿಚಿಕೊಂಡು ಪಾಚಿ ಕಳೆದುಕೊಂಡಾಗ ಆ ಹವಳ ಪ್ರಾಣಿಪ್ಲವಕವನ್ನು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳನ್ನು, ತಿನ್ನುವುದನ್ನು ಹಲವು ಪಟ್ಟು ಹೆಚ್ಚಿಸಿ ತನ್ನ ನಿತ್ಯದ ಖರ್ಚನ್ನು ಅದರಿಂದಲೇ ತೂಗಿಸಿಕೊಂಡಿತ್ತು. ಪಾಚಿ ಕೊಡುವ ಸಕ್ಕರೆ ಇಂಧನ. ಮೈ ಕಟ್ಟಲು ಬೇಕಾದ ಸಾರಜನಕ, ರಂಜಕ, ಕೊಬ್ಬಿನಾಮ್ಲಗಳು ಹೆಚ್ಚಾಗಿ ಹಿಡಿದು ತಿಂದ ಜೀವಿಯಿಂದ ಬರಬೇಕು. ನನ್ನ ಟ್ಯಾಂಕಿನ ಗೋನಿಯೋಪೋರ ಎರಡು ವರ್ಷ ಒಳ್ಳೆಯ ಬೆಳಕಿನಡಿ ಇದ್ದೂ ಯಾಕೆ ಒಂದಿಂಚು ಬೆಳೆಯಲಿಲ್ಲ ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು.

ಮೊದಲ ಆರು ವಾರ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಂಜೆ ಏಳಕ್ಕೆ, ಮೀನಿಗೆ ಹಾಕುವ ಹೊತ್ತಿಗೇ, ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯ ಎರಡು ತುಂಡು ಕರಗಿಸಿ, ಹವಳಕ್ಕೆಂದು ಮಾರುವ ಆಹಾರದ ಪುಡಿ ಬೆರೆಸಿ, ಗೊಂಚಲಿನ ಮೇಲೆ ಪಿಪೆಟ್ಟಿನಿಂದ ಬಿಟ್ಟೆ. ಪಾಲಿಪ್‌ಗಳು ಮುಚ್ಚಿಕೊಂಡೇ ಇದ್ದವು. ತುಣುಕುಗಳು ಉರುಳಿ ಕಲ್ಲಿನ ಸಂದಿಗೆ ಇಳಿದವು, ಸೀಗಡಿಗಳು ಆರಿಸಿಕೊಂಡು ತಿಂದವು, ಮಿಕ್ಕದ್ದು ಕೊಳೆಯಿತು. ತೆರೆಯದ ಬಾಯಿಗೆ ಇನ್ನಷ್ಟು ಹಾಕಿದರೆ ತೆರೆದೀತು ಎಂಬ ನಂಬಿಕೆಯಲ್ಲಿ ಪ್ರಮಾಣ ಏರಿಸುತ್ತ ಹೋದೆ. ಮಾರ್ಚ್‌ನಲ್ಲಿ 0.06 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು ಎಂಬ ಅಳತೆ) ಇದ್ದ, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಏಪ್ರಿಲ್ ಕೊನೆಗೆ 0.38 ಆಯಿತು. ಗಾಜಿನ ಮೇಲೆ ಎರಡು ದಿನಕ್ಕೊಮ್ಮೆ ಹಸಿರು ಲೇಪ, ಕಲ್ಲಿನ ಮೇಲೆ ಕೂದಲು ಪಾಚಿ. ಸನ್ ಕೋರಲ್‌ನ ಬೋಳು ಅಸ್ಥಿಯ ಮೇಲೂ ಪಾಚಿ ಹತ್ತಿತು. ಆ ಪಾಚಿ ಪಕ್ಕದ ಜೀವಂತ ಮಾಂಸವನ್ನು ಒತ್ತುತ್ತ ಸಾಗುವುದು ಕಣ್ಣಿಗೆ ಕಾಣುತ್ತಿತ್ತು. 37 ಈಗ 33 ಆಗಿತ್ತು.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಗಾಬರಿಯಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳುಗಳನ್ನು ಹೇಳಿದ್ದರ ಎರಡು ಪಟ್ಟು ಹಾಕಿದೆ, ಆಹಾರವನ್ನು ಪೂರ್ತಿ ನಿಲ್ಲಿಸಿದೆ. ಹತ್ತು ದಿನದಲ್ಲಿ ಫಾಸ್ಫೇಟ್ ಅಳತೆಗೇ ಸಿಗದಷ್ಟು ಇಳಿಯಿತು, ನೈಟ್ರೇಟ್ ಕೂಡ ಸೊನ್ನೆಗೆ ಹತ್ತಿರ. ಕೂದಲು ಪಾಚಿ ಸತ್ತಿತು. ಅದು ತೆರವು ಮಾಡಿದ ಜಾಗಕ್ಕೆ ಕಂದು ಬಣ್ಣದ ಲೋಳೆ ಬಂತು, ಎಳೆಎಳೆಯಾಗಿ ತೇಲುವಂಥದ್ದು, ಪ್ರತಿ ಎಳೆಯ ತುದಿಯಲ್ಲೂ ಒಂದು ಗಾಳಿಗುಳ್ಳೆ. ಹಗಲು ದಟ್ಟವಾಗಿ ಕಾಣುತ್ತ, ದೀಪ ಆರಿದ ಮೇಲೆ ತೆಳುವಾಗುತ್ತಿತ್ತು. ಸೂಕ್ಷ್ಮದರ್ಶಕದಡಿ ಇಟ್ಟಾಗ ಹನಿಯಾಕಾರದ ಜೀವಕೋಶಗಳು ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಸುತ್ತುತ್ತಿದ್ದವು. ಆಸ್ಟ್ರಿಯೋಪ್ಸಿಸ್ ಎಂಬ ಡೈನೋಫ್ಲಾಜಲೇಟ್ ಅದು, ಒಂದೇ ಕೋಶದ ಜೀವಿ. ಪಾಚಿ ಮೇಯುವ ಬಸವನಹುಳುಗಳು ಒಂದೊಂದಾಗಿ ಕಲ್ಲಿನಿಂದ ಕಳಚಿ ಬಿದ್ದವು. ಈ ಜೀವಿ ವಿಷ ಉಂಟುಮಾಡಬಲ್ಲದ್ದು, ಕೈಗವಸು ಇಲ್ಲದೆ ಅದನ್ನು ಉಜ್ಜಬೇಡಿ. ನೀರು ಶುದ್ಧವಾದಷ್ಟೂ ಒಳ್ಳೆಯದೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಪೋಷಕಾಂಶ ಪೂರ್ತಿ ಬರಿದಾದ ನೀರಿನಲ್ಲಿ ಪೈಪೋಟಿ ಕೊಡುವ ಸಾಧಾರಣ ಪಾಚಿ, ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಇಂಥವು ಮೆರೆಯುತ್ತವೆ.

ತಿರುವು ಬಂದದ್ದು ಮೇ ತಿಂಗಳ ಒಂದು ರಾತ್ರಿ. ಮಗಳಿಗೆ ಜ್ವರ. ಎರಡು ಗಂಟೆಗೆ ನೀರು ತರಲೆಂದು ಎದ್ದವನು ಟ್ಯಾಂಕಿನ ಮುಂದೆ ಹಾದೆ. ಕತ್ತಲಲ್ಲಿ ಗೊಂಚಲು ಏನೋ ದಪ್ಪಗಾದಂತೆ ಕಂಡಿತು. ಕೆಂಪು ಟಾರ್ಚ್ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು ಪಾಲಿಪ್‌ಗಳು ಅರಳಿ ನಿಂತಿದ್ದವು. ಹಳದಿ ಗ್ರಹಣಾಂಗಗಳು ನೀರಿನಲ್ಲಿ ಮೆಲ್ಲಗೆ ತಡಕಾಡುತ್ತಿದ್ದವು. ಆ ಮೊದಲ ಆರು ವಾರ ನಾನು ಏಳು ಗಂಟೆಗೆ ಬಡಿಸಿ ಹೋಗುತ್ತಿದ್ದೆ, ಅವು ನಡುರಾತ್ರಿ ಎಲೆಯ ಮುಂದೆ ಕೂರುತ್ತಿದ್ದವು. ಅಷ್ಟರಲ್ಲಿ ಬಡಿಸಿದ್ದನ್ನು ಸ್ಕಿಮ್ಮರ್, ನೀರಿನ ಕಸವನ್ನು ನೊರೆಯಾಗಿ ತೆಗೆಯುವ ಯಂತ್ರ, ಎಳೆದು ಹೊರಹಾಕಿರುತ್ತಿತ್ತು, ಇಲ್ಲವೇ ಮರಳಿನಲ್ಲಿ ಹಳಸಿರುತ್ತಿತ್ತು.

ಸಮುದ್ರದಲ್ಲಿ ಇದು ಹಾಗೇ ನಡೆಯುತ್ತದೆ. ಹಗಲೆಲ್ಲ ಹವಳದಿಬ್ಬದ ಸಂದಿಗೊಂದಿಗಳಲ್ಲಿ, ಮರಳಿನಲ್ಲಿ ಅಡಗಿರುವ ಸಣ್ಣ ಜೀವಿಗಳು ಸೂರ್ಯ ಮುಳುಗಿದ ಮೇಲೆ ನೀರಿಗೆ ಏಳುತ್ತವೆ, ಆಳದಲ್ಲಿದ್ದವು ಮೇಲೆ ಬರುತ್ತವೆ. ಬಹಳಷ್ಟು ಹವಳಗಳು ಅದಕ್ಕೆಂದೇ ರಾತ್ರಿ ಬಾಯಿ ತೆರೆಯುತ್ತವೆ. ನಾನು ಬೆಳೆದದ್ದು ಹೊನ್ನಾವರದ ಕಡೆ, ಶರಾವತಿ ಸಮುದ್ರ ಸೇರುವಲ್ಲಿ. ಕೆಲವು ರಾತ್ರಿ ದೋಣಿಯ ಹುಟ್ಟು ನೀರಿಗೆ ಬಿದ್ದಲ್ಲೆಲ್ಲ ನೀಲಿ ಬೆಳಕು ಹೊತ್ತಿಕೊಳ್ಳುತ್ತಿತ್ತು. ಅದು ನಾಕ್ಟಿಲೂಕ, ಅದೂ ಒಂದು ಪ್ಲವಕವೇ. ನೀರು ಬರಿದಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಜೀವ ಕಿಕ್ಕಿರಿದಿದೆ ಎಂದು ಅಷ್ಟು ಚಿಕ್ಕಂದಿನಲ್ಲೇ ಗೊತ್ತಿದ್ದೂ, ಉಪ್ಪು ಕಲಸಿ ಮಾಡಿದ ನನ್ನ ಟ್ಯಾಂಕಿನ ನೀರು ಬರಿದೋ ಬರಿದು ಅನ್ನುವುದು ಆ ರಾತ್ರಿಯವರೆಗೆ ತಲೆಗೆ ಹೊಳೆದಿರಲಿಲ್ಲ.

ಈ ಪ್ರಕರಣದಲ್ಲಿ ನಾನು ಕಂಡುಕೊಂಡದ್ದು ಇಷ್ಟೆ: ಸತ್ತ ಊಟ ಕಾಯುವುದಿಲ್ಲ, ಬದುಕಿರುವ ಊಟ ಕಾಯುತ್ತದೆ. ಜೀವಂತ ಪ್ಲವಕದ ಪೌಷ್ಟಿಕತೆಯನ್ನು ಬಹಳ ಜನ ಹೊಗಳುತ್ತಾರೆ, ಅದು ನಿಜವೂ ಹೌದು. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಅದು ಹವಳ ಬಾಯಿ ತೆರೆಯುವವರೆಗೆ ಕೊಳೆಯದೆ ನೀರಿನಲ್ಲಿ ಈಜಿಕೊಂಡಿರುತ್ತದೆ ಅನ್ನುವುದು.

ಜೂನ್‌ನಲ್ಲಿ ಗ್ಯಾರೇಜಿನ ಒಂದು ಕಪಾಟು ಖಾಲಿ ಮಾಡಿದೆ. ಸಸ್ಯಪ್ಲವಕದಿಂದ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯಿಂದ ಶುರು. ನ್ಯಾನೋಕ್ಲೋರಾಪ್ಸಿಸ್ ಎಂಬ ಹಸಿರು ಕೋಶ 2ರಿಂದ 4 ಮೈಕ್ರಾನ್ ಅಷ್ಟೆ, ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿನ ಹತ್ತಿರ. ಇದನ್ನು ಬೆಳೆಸುವುದು ಮೊಸರಿಗೆ ಹೆಪ್ಪು ಹಾಕಿದಂತೆಯೇ. ಎರಡು ಲೀಟರಿನ ಬಾಟಲಿಗೆ ಒಂದೂವರೆ ಲೀಟರ್ ಶುಚಿಮಾಡಿದ ಉಪ್ಪುನೀರು, 300 ಮಿಲಿಲೀಟರ್ ಹೆಪ್ಪು, ಅಳತೆ ಪ್ರಕಾರ ಗೊಬ್ಬರ. ಗೊಬ್ಬರಕ್ಕೆ ಎಫ್ ಬೈ 2 ಎಂದು ಹೆಸರು. ರಾಬರ್ಟ್ ಗಿಲ್ಲಾರ್ಡ್ ರೂಪಿಸಿದ ಎಫ್ ಮಿಶ್ರಣವನ್ನು ಅರ್ಧಕ್ಕೆ ತೆಳುಮಾಡಿದ್ದು. ನೈಟ್ರೇಟ್, ಫಾಸ್ಫೇಟ್, ಕಬ್ಬಿಣ ಮೊದಲಾದ ಲೇಶಲೋಹಗಳು, ಬಿ12, ಬಿ1, ಬಯೋಟಿನ್ ಇವಿಷ್ಟು ಅದರಲ್ಲಿವೆ. ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ತಳದವರೆಗೆ ಇಳಿಸಿ ಗಾಳಿ ಬಿಡಬೇಕು. ಗುಳ್ಳೆ ದೊಡ್ಡದಿರಲಿ, ಸಣ್ಣ ಗುಳ್ಳೆಯ ಕಲ್ಲು ಬೇಡ. ಕೋಶಗಳು ತಳದಲ್ಲಿ ಕೂರದಂತೆ ಉರುಳಿಸುತ್ತಿರಲೆಂದೇ ಈ ಗಾಳಿ. ಸಾಧಾರಣ ಬಿಳಿ ಎಲ್‌ಇಡಿ ಪಟ್ಟಿ, ದಿನಕ್ಕೆ 16 ಗಂಟೆ.

ಮೊದಲ ದಿನ ಒಂದೆಲಗದ ತಂಬುಳಿಯಂಥ ತೆಳು ಹಸಿರು. ಎಂಟು, ಒಂಬತ್ತನೆಯ ದಿನಕ್ಕೆ ಬಾಟಲಿಯ ಹಿಂದೆ ಬೆರಳಿಟ್ಟರೆ ಬೆರಳು ಕಾಣದಷ್ಟು ಗಾಢ. ಆಗ ಅರ್ಧ ತೆಗೆದು ಫ್ರಿಜ್ಜಿಗೆ, ಉಳಿದರ್ಧಕ್ಕೆ ಹೊಸ ನೀರು, ಹೊಸ ಗೊಬ್ಬರ. ಫ್ರಿಜ್ಜಿನಲ್ಲಿ ಇಟ್ಟದ್ದನ್ನು ದಿನಕ್ಕೊಮ್ಮೆ ಅಲುಗಿಸಿದರೆ ಎರಡು ಮೂರು ವಾರ ಜೀವಂತವಾಗಿರುತ್ತದೆ. ಹಸಿರು ಹಳದಿಗೆ ತಿರುಗಿದರೆ, ತಳದಲ್ಲಿ ಹೆಂಟೆ ಕಟ್ಟಿದರೆ, ಮೂಗಿಗೆ ಕೊಳೆತ ವಾಸನೆ ಹೊಡೆದರೆ ಪೂರ್ತಿ ಚೆಲ್ಲಿಬಿಡಿ. ಒಳ್ಳೆಯ ಬಾಟಲಿಗೆ ಹೊಸದಾಗಿ ಕೊಯ್ದ ಹುಲ್ಲಿನ ವಾಸನೆ ಇರುತ್ತದೆ.

ಇಲ್ಲಿ ಮುಖ್ಯವಾದದ್ದು ಮಡಿ. ಈ ಮಾತನ್ನು ನಾನು ಪೂರ್ತಿ ಮನಸ್ಸಿನಿಂದ ಬಳಸುತ್ತೇನೆ, ಅಜ್ಜಿಯ ಅಡುಗೆಮನೆಯ ಶಿಸ್ತು ಬಿಟ್ಟರೆ ಬೇರೆ ಹೋಲಿಕೆ ನನಗೆ ಸಿಕ್ಕಿಲ್ಲ. ಪ್ರಾಣಿಪ್ಲವಕ ಮುಟ್ಟಿದ ಕೈ, ಜರಡಿ, ಕೊಳವೆ ಯಾವುದೂ ಹಸಿರು ಬಾಟಲಿಯ ಹತ್ತಿರ ಹೋಗಕೂಡದು. ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿ ಒಂದೇ ಒಂದು ಹನಿಯ ಜೊತೆ ಸೇರಿಕೊಂಡರೆ ವಾರದೊಳಗೆ ಹಸಿರೆಲ್ಲ ಅದರ ಸಂತಾನದ ಹೊಟ್ಟೆ ಸೇರಿ ನೀರು ತಿಳಿಯಾಗುತ್ತದೆ. ನನ್ನ ಮೂರನೆಯ ಬಾಟಲಿ ಹೀಗೇ ಹೋಯಿತು. ಅಂದಿನಿಂದ ಬೆಳಿಗ್ಗೆ ಸ್ನಾನವಾದೊಡನೆ ಹಸಿರಿನ ಕೆಲಸ, ಸಂಜೆ ಪ್ರಾಣಿಗಳ ಕೆಲಸ. ಉಪಕರಣಗಳಿಗೆ ಬೇರೆ ಬೇರೆ ಬಣ್ಣದ ಟೇಪು. ಹೊಸ ನೀರಿಗೆ ಹಿಂದಿನ ರಾತ್ರಿ ಬ್ಲೀಚ್, ಬೆಳಿಗ್ಗೆ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕಳೆಯುವುದು. ಒಂದು ಬಾಟಲಿ ಯಾವಾಗಲೂ ಮನೆಯ ಇನ್ನೊಂದು ಮೂಲೆಯಲ್ಲಿ, ಹೆಪ್ಪು ಕೆಟ್ಟರೆ ಆಧಾರಕ್ಕೆ.

ರೋಟಿಫರ್ ಎಂದರೆ ಬ್ರಾಕಿಯೋನಸ್, ಮಿಲಿಮೀಟರಿನ ಕಾಲು ಭಾಗದ ಹತ್ತಿರ. ಜಪಾನಿನ ಹಾವುಮೀನು ಕೊಳಗಳಲ್ಲಿ ಒಂದು ಕಾಲಕ್ಕೆ ಉಪದ್ರವವಾಗಿದ್ದ ಈ ಜೀವಿಯನ್ನೇ 1960ರ ಸುಮಾರಿಗೆ ಅಲ್ಲಿನವರು ಮೀನುಮರಿಗಳ ಆಹಾರವಾಗಿ ಪಳಗಿಸಿದರು. ಈಗ ಲೋಕದ ಸಮುದ್ರಮೀನಿನ ಮರಿಕೇಂದ್ರಗಳು ಬಹುಮಟ್ಟಿಗೆ ಇದನ್ನೇ ನೆಚ್ಚಿಕೊಂಡಿವೆ. ಗಂಡಿನ ನೆರವಿಲ್ಲದೆ ಹೆಣ್ಣು ಮೊಟ್ಟೆಯಿಡುತ್ತದೆ, ಎರಡು ದಿನಕ್ಕೆ ಸಂಖ್ಯೆ ಇಮ್ಮಡಿ. ನಾನು ಹತ್ತು ಲೀಟರ್ ಬಕೆಟ್ಟಿನಲ್ಲಿ ಶುರುಮಾಡಿದೆ. ನೀರು ತಿಳಿ ಹಸಿರಾಗಿ ಉಳಿಯುವಷ್ಟು ನ್ಯಾನೋ ಹಾಕುವುದು, ದಿನಾ ಕಾಲು ಭಾಗ 53 ಮೈಕ್ರಾನ್ ಜರಡಿಯಿಂದ ಸೋಸಿ ತೆಗೆಯುವುದು, ಅಷ್ಟೇ ಹೊಸ ನೀರು.

ಮೂರು ವಾರ ಚೆನ್ನಾಗಿ ನಡೆದದ್ದು ನಾಲ್ಕು ದಿನದಲ್ಲಿ ಕುಸಿಯಿತು. ಕುಸಿತದ ಕಾರಣ ನನ್ನ ದುಂದು ಮನಸ್ಸಲ್ಲ, ಜಿಪುಣತನ. ಸಂಖ್ಯೆ ಇನ್ನೂ ಏರಲಿ ಎಂದು ಒಂದು ವಾರ ಕೊಯ್ಲು ಮಾಡಲಿಲ್ಲ. ತಳದಲ್ಲಿ ಕಸ ಕೂತು ಅಮೋನಿಯ ಏರಿತು, ಪಿಎಚ್ ಹೆಚ್ಚಿದ್ದ ಕಾರಣ ಅದರ ವಿಷವೂ ಹೆಚ್ಚು. ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ರೋಟಿಫರ್‌ಗಳ ಬೆನ್ನಿನಲ್ಲಿ ಮೊಟ್ಟೆಯೇ ಇಲ್ಲ, ಸುತ್ತ ಏಕಕೋಶದ ಸಿಲಿಯೇಟ್‌ಗಳ ಸಂತೆ. ಸಂಖ್ಯೆಗಿಂತ ಮೊದಲು ಬೀಳುವುದು ಮೊಟ್ಟೆಗಳ ಪ್ರಮಾಣ. ಅದನ್ನು ದಿನಾ ನೋಡುವ ಅಭ್ಯಾಸವಿದ್ದಿದ್ದರೆ ಎರಡು ದಿನ ಮುಂಚೆಯೇ ತಿಳಿಯುತ್ತಿತ್ತು. ಅಂದಿನಿಂದ ಒಂದು ಬಕೆಟ್ ಎರಡಾಯಿತು, ಬೇಕಿರಲಿ ಬೇಡವಿರಲಿ ನಿತ್ಯ ಕೊಯ್ಲು, ತಳದಲ್ಲಿ ನೇತುಬಿಟ್ಟ ಒರಟು ಸ್ಪಂಜನ್ನು ದಿನಾ ತೊಳೆಯುವುದು.

ಕೋಪಿಪೋಡ್‌ಗಳ ವಿಷಯಕ್ಕೆ ಬಂದರೆ, ಇವು ಸೀಗಡಿಯ ಬಳಗದ ಪುಟ್ಟ ಜೀವಿಗಳು, ಎರಡು ಜಾತಿ ಇಟ್ಟೆ. ಟಿಗ್ರಿಯೋಪಸ್ ಕ್ಯಾಲಿಫೋರ್ನಿಕಸ್ ಇಲ್ಲಿಯದೇ ಮಣ್ಣಿನ, ಅಲ್ಲ, ಇಲ್ಲಿಯದೇ ಬಂಡೆಯ ಜೀವಿ. ಪೆಸಿಫಿಕ್ ಕರಾವಳಿಯಲ್ಲಿ ಅಲೆಯ ತುಂತುರು ಮಾತ್ರ ಮುಟ್ಟುವ ಎತ್ತರದ ಬಂಡೆಗುಳಿಗಳಲ್ಲಿ ಕಿತ್ತಳೆ ಚುಕ್ಕಿಗಳಂತೆ ಜಿಗಿಯುತ್ತಿರುತ್ತದೆ. ಬಿಸಿಲಿಗೆ ನೀರು ಇಂಗಿ ಉಪ್ಪು ಏರಿದರೂ, ಮಳೆಗೆ ಸಪ್ಪೆಯಾದರೂ ತಾಳಿಕೊಳ್ಳುತ್ತದೆ. ಬಂಡೆಗುಳಿಯಿಂದ ಹಿಡಿದು ತರಲಿಲ್ಲ, ಬೆಳೆಸಿ ಮಾರುವವರಿಂದ ಕೊಂಡೆ. ಇನ್ನೊಂದು ಟಿಸ್ಬೆ, ಇದು ಚಿಕ್ಕದು, ಕಲ್ಲಿನ ಮೇಲೆ ತೆವಳುವಂಥದ್ದು. ಇಬ್ಬರಿಗೂ ನ್ಯಾನೋ ಜೊತೆ ಸ್ವಲ್ಪ ಟೆಟ್ರಾಸೆಲ್ಮಿಸ್ ಎಂಬ ಇನ್ನೊಂದು ಸೂಕ್ಷ್ಮ ಪಾಚಿ. ಇವು ರೋಟಿಫರ್‌ನಷ್ಟು ಬೇಗ ಹೆಚ್ಚುವುದಿಲ್ಲ, ಅವಸರಪಟ್ಟರೆ ಬರಿಗೈ. ಟಿಸ್ಬೆಯನ್ನು ಟ್ಯಾಂಕಿನ ಕೆಳಗಿನ ತೊಟ್ಟಿಯಾದ ಸಂಪಿನಲ್ಲಿ, ಮೀನು ಬರದಂತೆ ಬೇರ್ಪಡಿಸಿದ ರೆಫ್ಯೂಜಿಯಮ್ಮಿನಲ್ಲಿ, ಕೀಟೋಮಾರ್ಫ ಪಾಚಿಯ ಉಂಡೆಯೊಳಗೆ ಬಿಟ್ಟದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಅಲ್ಲಿ ತಮ್ಮಷ್ಟಕ್ಕೆ ಬೆಳೆದು, ರಾತ್ರಿ ಪಂಪಿನ ಜೊತೆ ಒಂದಿಷ್ಟು ಮೇಲಿನ ಟ್ಯಾಂಕಿಗೆ ಹೋಗುತ್ತವೆ.

ಕೊನೆಗೆ ಆರ್ಟೀಮಿಯ, ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ. ಮೊಟ್ಟೆಗಳು 27 ಡಿಗ್ರಿ ಉಪ್ಪುನೀರಿನಲ್ಲಿ, ಗಾಳಿ ಬೆಳಕಿನಡಿ, ಒಂದು ದಿನದೊಳಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ತಳದಲ್ಲಿ ದೀಪ ಹಿಡಿದರೆ ಮರಿಗಳು ಕಿತ್ತಳೆ ಮೋಡದಂತೆ ಅಲ್ಲಿಗೆ ಇಳಿಯುತ್ತವೆ. ಹೊಸ ಮರಿಗೆ ಬಾಯಿ ಇನ್ನೂ ಕೆಲಸ ಮಾಡುವುದಿಲ್ಲ, ತನ್ನ ಮೊಟ್ಟೆಯ ಸಾರದಲ್ಲೇ ಬದುಕುತ್ತದೆ. ಆದ್ದರಿಂದ ಹುಟ್ಟಿದ ಕೆಲವೇ ಗಂಟೆಯೊಳಗೆ ಹವಳಕ್ಕೆ ಹಾಕಬೇಕು, ಇಲ್ಲವೇ ಪೊರೆ ಕಳಚಿ ತಿನ್ನಲು ಶುರುಮಾಡಿದ ಮೇಲೆ, ಅರ್ಧ ದಿನ ಹಸಿರು ಉಣಿಸಿ ಹಾಕಬೇಕು. ನಡುವಿನ ಹೊತ್ತಿನಲ್ಲಿ ಹಾಕಿದರೆ ಬರೀ ಸಿಪ್ಪೆ ತಿನ್ನಿಸಿದಂತೆ. ನಾನು ಎರಡನೆಯ ದಾರಿ ಹಿಡಿದೆ.

ಯಾವುದನ್ನು ಯಾರು ತಿನ್ನುತ್ತಾರೆಂದು ಕಣ್ಣಿಂದ ನೋಡದೆ ನಂಬಬಾರದೆಂದು ತೀರ್ಮಾನಿಸಿ, ಗೊಂಚಲಿನಿಂದ ಮುರಿದು ಬಿದ್ದಿದ್ದ ಮೂರು ಪಾಲಿಪ್‌ಗಳ ತುಂಡನ್ನು ಒಂದು ಲೀಟರ್ ಜಾಡಿಯಲ್ಲಿಟ್ಟು ಹಲವು ರಾತ್ರಿ ಪರೀಕ್ಷಿಸಿದೆ. ನ್ಯಾನೋ ಹಾಕಿದಾಗ ಏನೂ ಆಗಲಿಲ್ಲ, ನೀರಿನ ಹಸಿರು ಬೆಳಗಿನವರೆಗೂ ಹಾಗೇ ಇತ್ತು. ರೋಟಿಫರ್ ಹಾಕಿದಾಗ ಗ್ರಹಣಾಂಗ ಸ್ವಲ್ಪ ಮಿಡುಕಿತು, ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲ. ನೂರು ಆರ್ಟೀಮಿಯ ಮರಿಗಳನ್ನು ಎಣಿಸಿ ಹಾಕಿದಾಗ ಫಲಿತಾಂಶ ನಿಂತದ್ದು ನೀರಿನ ಚಲನೆಯ ಮೇಲೆ. ನಿಂತ ನೀರಿನಲ್ಲಿ ಗಂಟೆಯೊಳಗೆ ಬೆರಳೆಣಿಕೆಯಷ್ಟು ಮಾತ್ರ ಹೋದವು. ಒಂದು ಕೊಳವೆಯಿಂದ ನಿಧಾನ ಗುಳ್ಳೆ ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು. ಗುಳ್ಳೆ ಜೋರು ಮಾಡಿದಾಗ ಗ್ರಹಣಾಂಗಗಳು ಬಾಗಿ, ಹಿಡಿದದ್ದೂ ಜಾರಿ, ಮತ್ತೆ ಕೆಲವೇ ಕೆಲವು. ಮನೆಯ ಜಾಡಿಯ ಲೆಕ್ಕ ಇದು, ಇದಕ್ಕಿಂತ ದೊಡ್ಡ ಹೆಸರು ಕೊಡುವುದಿಲ್ಲ. ಆದರೂ ಟ್ಯಾಂಕಿನ ಪಂಪುಗಳನ್ನು ಊಟದ ಹೊತ್ತಿಗೆ ಪೂರ್ತಿ ನಿಲ್ಲಿಸುವ ನನ್ನ ಹಳೆಯ ಪದ್ಧತಿ ತಪ್ಪೆಂದು ತಿಳಿಯಲು ಅಷ್ಟು ಸಾಕಾಯಿತು. ಗೋನಿಯೋಪೋರದ ಕಥೆ ಬೇರೆ. ಅದರ ಮುಂದೆ ರೋಟಿಫರ್ ಮತ್ತು ಕೋಪಿಪೋಡ್ ಮರಿಗಳನ್ನು ಬಿಟ್ಟಾಗ ಗ್ರಹಣಾಂಗ ಒಳಮಡಿಸಿ ನುಂಗುವುದು ಬರಿಗಣ್ಣಿಗೇ ಕಾಣುತ್ತಿತ್ತು.

ಹಾಗಾದರೆ ಹವಳಕ್ಕೆಂದು ಹಸಿರು ನೀರು ಸುರಿಯುವುದು ವ್ಯರ್ಥವೇ? ಎಲ್ಲ ಹವಳಕ್ಕೂ ಅಲ್ಲ. ಕೆಂಪು ಸಮುದ್ರದ ಡೆಂಡ್ರೋನೆಫ್ತಿಯ ಎಂಬ ಮೃದು ಹವಳ ಸಸ್ಯಪ್ಲವಕವನ್ನೇ ಮುಖ್ಯವಾಗಿ ತಿಂದು ಬದುಕುತ್ತದೆಂದು ಕತರಿನಾ ಫ್ಯಾಬ್ರಿಸಿಯಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಮನೆಯ ಟ್ಯಾಂಕಿನಲ್ಲಿ ಅದನ್ನು ಉಳಿಸಿಕೊಂಡವರು ವಿರಳ, ದಯವಿಟ್ಟು ಅದರ ಬಣ್ಣಕ್ಕೆ ಮರುಳಾಗಿ ಕೊಳ್ಳಬೇಡಿ. ಕಲ್ಲು ಹವಳಗಳಲ್ಲಿ ಬಹಳಷ್ಟು ಮಾಂಸಾಹಾರಿಗಳು. ಅವುಗಳ ಮಟ್ಟಿಗೆ ಹಸಿರು ನೀರು ಊಟವಲ್ಲ, ಊಟಕ್ಕೆ ಹಾಕುವ ಮೇವು.

ಆಗಸ್ಟ್ ಹೊತ್ತಿಗೆ ದಿನಚರಿ ಒಂದು ಹದಕ್ಕೆ ಬಂತು. ರಾತ್ರಿ ಒಂಬತ್ತಕ್ಕೆ ದೀಪ ಆರುತ್ತದೆ. ಒಂಬತ್ತೂವರೆಗೆ ಸ್ಕಿಮ್ಮರ್ ಮತ್ತು ಸಂಪಿನ ಪಂಪ್ ನಿಲ್ಲಿಸಿ, ಅಲೆಯ ಪಂಪನ್ನು ಅತಿ ಕಡಿಮೆಗೆ ಇಳಿಸಿ, ಆರ್ಟೀಮಿಯ ಸೋಸಿದ ನೀರಿನ ಒಂದು ಚಮಚ ಗೊಂಚಲಿನ ಮೇಲೆ ಬಿಡುತ್ತೇನೆ. ಈ ವಾಸನೆಯೇ ಕರೆಗಂಟೆ. ಮೊದಮೊದಲು ತೆರೆಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು, ಎರಡು ತಿಂಗಳಲ್ಲಿ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ತೆರೆದ ಮೇಲೆ ಮರಿಗಳು. ವಾರಕ್ಕೆ ಎರಡು ರಾತ್ರಿ ಪ್ರತಿ ಬಾಯಿಗೂ ಒಂದೊಂದು ಮೈಸಿಸ್ ತುಂಡನ್ನು ಪಿಪೆಟ್ಟಿನಿಂದ, ಯಾಕೆಂದರೆ ಆರ್ಟೀಮಿಯ ಮರಿ ಒಂದರಿಂದಲೇ ಇಷ್ಟು ದೊಡ್ಡ ಪಾಲಿಪ್ ತುಂಬುವುದಿಲ್ಲ. ಒಂದು ಗಂಟೆಯ ನಂತರ ಪಂಪು, ಬೆಳಿಗ್ಗೆ ಸ್ಕಿಮ್ಮರ್.

ಕ್ಲೀನರ್ ಸೀಗಡಿಗಳದ್ದು ದೊಡ್ಡ ಕಾಟ. ಹವಳ ಹಿಡಿದ ತುಂಡನ್ನು ಅದರ ಬಾಯೊಳಗೆ ಕಾಲು ಹಾಕಿ ಕಿತ್ತು ತೆಗೆಯುತ್ತಿದ್ದವು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ ಹಾಗೆ. ಬರೀ ತುತ್ತು ಹೋದರೆ ತೊಂದರೆಯಿಲ್ಲ, ಕೀಳುವ ರಭಸಕ್ಕೆ ಒಳಮಾಂಸ ಹರಿದು ಎರಡು ಪಾಲಿಪ್ ಸತ್ತವು. ಎರಡು ಲೀಟರ್ ಬಾಟಲಿಯ ಮೇಲರ್ಧ ಕತ್ತರಿಸಿ ಗೊಂಚಲಿನ ಮೇಲೆ ಗೋಪುರದಂತೆ ಕವುಚಿ, ಮುಚ್ಚಳದ ತೂತಿನಿಂದ ಪಿಪೆಟ್ ಇಳಿಸಿ ಉಣಿಸಿದೆ. ಗೋಡೆಗೆ ಹತ್ತಾರು ಸಣ್ಣ ತೂತು ಹಾಕಿದ್ದರಿಂದ ಒಳಗೆ ನೀರು ಮೆಲ್ಲಗೆ ಆಡುತ್ತಿತ್ತು. ಇಷ್ಟು ಅಗ್ಗದ ಬೇರೆ ಯಾವ ಉಪಾಯವೂ ಈ ಪ್ರಕರಣದಲ್ಲಿ ಇಷ್ಟು ಕೆಲಸ ಮಾಡಲಿಲ್ಲ.

ಫಾಸ್ಫೇಟ್ ಹೀರುವ ಹರಳುಗಳನ್ನು ಜೂನ್‌ನಲ್ಲೇ ತೆಗೆದಿದ್ದೆ. ನೈಟ್ರೇಟ್ ನಿಧಾನವಾಗಿ 6 ಪಿಪಿಎಂಗೆ, ಫಾಸ್ಫೇಟ್ 0.08ಕ್ಕೆ ಬಂದು ನಿಂತವು. ವಾರಕ್ಕೆ ಹತ್ತು ಶೇಕಡ ನೀರು ಬದಲಾವಣೆ, ಹದಿನೈದು ದಿನಕ್ಕೊಮ್ಮೆ ಕೀಟೋಮಾರ್ಫದ ಒಂದು ಹಿಡಿ ಕಿತ್ತು ಹೊರಹಾಕುವುದು. ಹಾಕಿದ ಊಟಕ್ಕೆ ಹೊರಹೋಗುವ ದಾರಿ ಅದೇ. ಕಂದು ಲೋಳೆ ಸೆಪ್ಟೆಂಬರ್‌ನಲ್ಲಿ ತಾನಾಗಿ ಕರಗಿತು. ಪೋಷಕಾಂಶ ಮರಳಿದ್ದೇ ಕಾರಣವೋ, ನೀರಿನಲ್ಲಿ ಬೇರೆ ಜೀವಿಗಳು ತುಂಬಿದ್ದು ಕಾರಣವೋ ಬಿಡಿಸಿ ಹೇಳಲು ಒಂದೇ ಟ್ಯಾಂಕ್ ಇರುವವನಿಗೆ ಆಗದು. ಎರಡೂ ಒಟ್ಟಿಗೇ ನಡೆದವು.

ಕರ್ನಾಟಕದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು, ಇದನ್ನು ಬರೆಯದೆ ಮುಂದೆ ಹೋಗಲಾರೆ. ಭಾರತದಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಕಡಲಿನಿಂದ ಕಿತ್ತ ಹವಳ ಹುಲಿಯ ಚರ್ಮದಷ್ಟೇ ಗಂಭೀರ ವಿಷಯ. ನೇತ್ರಾಣಿಯ ನೀರಿನಲ್ಲಿ ಮುಳುಗಿದರೆ ನೋಡಿ ಬನ್ನಿ, ಮುಟ್ಟಬೇಡಿ. ಆದರೆ ಮೇಲೆ ಹೇಳಿದ ಹಸಿರು ಬಾಟಲಿ, ರೋಟಿಫರ್ ಬಕೆಟ್, ಆರ್ಟೀಮಿಯ ಯಾವುದಕ್ಕೂ ಹವಳ ಬೇಕಿಲ್ಲ. ಮನೆಯಲ್ಲೇ ಮರಿ ಮಾಡುವ ಕ್ಲೌನ್ ಮೀನಿನ ಮರಿಗಳಿಗೆ ಮೊದಲ ವಾರದ ಊಟ ರೋಟಿಫರೇ. ನಮ್ಮ ಕರಾವಳಿಯಲ್ಲೂ ಸೀಗಡಿ ಮರಿಕೇಂದ್ರದಲ್ಲಿ ದುಡಿದವರಿಗೆ ಆರ್ಟೀಮಿಯ, ಪಾಚಿಯ ಹೆಪ್ಪು ಹೊಸದೇನಲ್ಲ, ಅವರಿಂದ ಕಲಿಯುವುದು ಬಹಳಷ್ಟಿದೆ.

2024ರ ಮೇ ತಿಂಗಳ ಎಣಿಕೆ ಹೀಗಿದೆ. ಮೊದಲಿನ 37ರಲ್ಲಿ ಉಳಿದವು 28. ಹೊಸದಾಗಿ ಮೊಳೆತವು 16, ಎಲ್ಲವೂ ಗಡ್ಡೆಯ ಬುಡದಲ್ಲಿ, ಮಾಂಸ ಹಿಂದೆ ಸರಿಯದ ಕಡೆ. ಬೋಳಾದ ಅಸ್ಥಿಯ ಮೇಲೆ ಮಾಂಸ ಮತ್ತೆ ಹತ್ತಿದ್ದು ಎರಡೇ ಕಡೆ, ಉಳಿದ ಭಾಗ ಈಗಲೂ ಬೋಳು, ಅದರ ಮೇಲೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಹರಡಿದೆ. ಗೋನಿಯೋಪೋರ ಮೊದಲ ಸಲ ಪಕ್ಕದ ಕಲ್ಲಿಗೆ ದಾಟಿದೆ. ಬೆಲೆಯ ಲೆಕ್ಕವನ್ನೂ ಹೇಳಬೇಕು: ದಿನಕ್ಕೆ ಮುಕ್ಕಾಲು ಗಂಟೆ, ಒಂದು ದಿನವೂ ಬಿಡದೆ. ಊರಿಗೆ ಬಂದ ಮೂರು ವಾರ ಹೆಂಡತಿ ಮಗಳು ಸರದಿಯಲ್ಲಿ ನೋಡಿಕೊಳ್ಳದಿದ್ದರೆ ಇದ್ಯಾವುದೂ ಉಳಿಯುತ್ತಿರಲಿಲ್ಲ.

ಅದೇ ಮೇ ತಿಂಗಳು, ಹಿಂಗಾಜಿನ ಪಾಚಿ ಕೆರೆಯಲು ಹೋದಾಗ ನೀರು ಸಂಪಿಗೆ ಇಳಿಯುವ ಬಾಯಿಯ ಪಕ್ಕ ಒಂದು ಕಿತ್ತಳೆ ಚುಕ್ಕಿ ಕಂಡಿತು. ಸಾಸಿವೆಗಿಂತ ಕೊಂಚ ದೊಡ್ಡದು. ಮಗಳು ಭೂತಗನ್ನಡಿ ತಂದಳು. ಪುಟ್ಟ ಗ್ರಹಣಾಂಗಗಳ ಒಂದು ಸುತ್ತು. ಸನ್ ಕೋರಲ್ ತನ್ನ ಲಾರ್ವಾಗಳನ್ನು ಒಡಲಲ್ಲೇ ಬೆಳೆಸಿ ಹೊರಬಿಡುತ್ತದೆ, ಅವು ತೇಲಿ ಹೋಗಿ ನೆರಳಿರುವಲ್ಲಿ ಅಂಟಿಕೊಳ್ಳುತ್ತವೆ. ಆ ಮೂಲೆಯಲ್ಲಿ ನೀರಿನ ಸೆಳೆತ ಜೋರು, ಹಾಕಿದ ಮರಿಗಳು ನಿಲ್ಲುವುದೇ ಇಲ್ಲ. ಅಲೆಯ ಪಂಪನ್ನು ಎದುರು ಗೋಡೆಗೆ ತಿರುಗಿಸಿದ್ದೇನೆ. ರಾತ್ರಿ ಹತ್ತಕ್ಕೆ, ದೊಡ್ಡ ಗೊಂಚಲಿನ ಊಟ ಮುಗಿದ ಮೇಲೆ, ಮಗಳು ಸ್ಟೂಲಿನ ಮೇಲೆ ನಿಂತು ಸಣ್ಣ ಕೊಳವೆಯ ತುದಿಯಿಂದ ಅದರ ಮುಂದೆ ನಾಲ್ಕೈದು ರೋಟಿಫರ್ ಹನಿ ಬಿಡುತ್ತಾಳೆ. ನಾನು ಕೆಂಪು ಟಾರ್ಚ್ ಹಿಡಿಯುತ್ತೇನೆ.